ಎರಡು ಗುಡ್ಡ, ಒಂದು ಅರ್ಧ ಸೂರ್ಯ

ಆ ಚಿತ್ರ ನೀವೂ ತಗದೀರಿ. ಸುಳ್ಳ ಹೇಳಬ್ಯಾಡ್ರಿ. ಹಾಳಿ ನಡುವ ಎರಡು ಮೂರುಮೂಲಿ ಗುಡ್ಡ, ಗುಡ್ಡದ ಸಂದ್ಯಾಗ ಅರ್ಧ ಸೂರ್ಯ, ಸೂರ್ಯನ ಸುತ್ತ ಸೈಕಲ್ ಕಡ್ಡಿ ಹಂಗ ಕಿರಣ. ಗುಡ್ಡದ ಬುಡದಿಂದ ಒಂದು ಹೊಳಿ ಹೊಂಟು, ಬರಬರತ ಅಗಲಾಗಿ, ಹಾಳಿ ಅಂಚಿಗೆ ಬಂದು ನಿಂತಬಿಡತೈತಿ. ಎಡಕ್ಕೊಂದು ಮನಿ, ಅದರ ಬಾಗಲಾ ಯಾವಾಗಲೂ ಮುಚ್ಚಿರತೈತಿ. ಬಲಕ್ಕೊಂದು ತೆಂಗಿನ ಗಿಡ. ಮ್ಯಾಲೆ ಆಕಾಶದಾಗ ನಾಕೈದು ಹಕ್ಕಿ, ನೋಡಿದ್ರ ಯಾರದೋ ಹುಬ್ಬು ಹಾರಾಕತ್ತಾವು ಅನಸ್ತೈತಿ. ಇದಕ್ಕ ನಮ್ಮ ಕಡೆ ‘ಸೀನರಿ’ ಅಂತಾರ.

ಸದಲಗಾದ ಸಾಲಿಯಾಗ ಒಂದನೇತ್ತೆಯಿಂದ ಏಳನೇತ್ತೆ ತನಕ ನಾನು ಇದೊಂದ ಚಿತ್ರ ತಗದೇನಿ. ಸದಲಗಾದಾಗ ಗುಡ್ಡ ಎಲ್ಲೈತ್ರಿ? ನಾಕೂ ದಿಕ್ಕಿಗೆ ಕಬ್ಬು. ಹೊಳಿ ಒಂದೈತಿ, ದೂಧಗಂಗಾ, ಖರೇ. ಆದ್ರ ಮಳಿಗಾಲದಾಗ ಚಾದ ಹಂಗ ಕೆಂಪಗ ಹರಿಯೂ ಆ ಹೊಳೀಗೆ ನಾವು ಹಚ್ಚತಿದ್ದ ಬಣ್ಣ ಅಚ್ಚ ನೀಲಿ. ನಮ್ಮ ಡ್ರಾಯಿಂಗ್ ಮಾಸ್ತರು "ಮನಸಿಗೆ ಬಂದದ್ದ ತಗೀರಿ" ಅಂತ ಹೇಳಿ ಖುರ್ಚ್ಯಾಗ ಕಣ್ಣ ಮುಚ್ಚಿದ್ರಂದ್ರ ಮುಗೀತು, ಇಡೀ ವರ್ಗದ ಮನಸಿಗೂ ಎರಡು ಗುಡ್ಡನ ಬರತಿದ್ದವು. ಒಮ್ಮೆ ಒಬ್ಬಾಂವ ತಮ್ಮ ಮನೀ ಎಮ್ಮೀನ್ನ ತಗದು, "ಸೀನರಿ ಬಿಟ್ಟು ಎಮ್ಮಿ ತಗೀತಿಯೇನಲೇ" ಅಂತ ಮಾಸ್ತರ ಕಡಿಂದ ಬೆನ್ನಿಗೆ ಬಡಸಿಕೊಂಡ. ಕಲೆಯೊಳಗ ಸತ್ಯ ಹೇಳಿದ್ರ ಏನಾಗತೈತಿ ಅನ್ನೂದು ನಮಗೆಲ್ಲಾ ಅಂದ ತಿಳೀತು.

ಈಗ ಈ ಸೀನರಿ ಮಾತು ಯಾಕ ಬಂತಂದ್ರ, ನಮ್ಮ ಚಂಪಾ ಕಾಕೂನ ಅಡಗೀಮನಿ ಗ್ವಾಡಿಗೆ, ಹಿಟ್ಟಿನ ಡಬ್ಬಿ ಮ್ಯಾಲೆ, ಇಂಥಾದೊಂದು ಚಿತ್ರ ಮೊಳಿ ಹೊಡದು ಹಚ್ಚ್ಯಾರ. ಅದರಾಗ ಸೂರ್ಯ ಎರಡು. ಒಂದು ಗುಡ್ಡದ ಸಂದ್ಯಾಗ ಅರ್ಧ, ಛಾಪಿಸಿದ್ದು. ಇನ್ನೊಂದು ಅದಕ್ಕಿಂತ ಭಾಳ ಮ್ಯಾಲೆ, ಪೂರಾ ದುಂಡಗ, ಅರಿಷಿಣ ಕುಂಕುಮ ಕಲಿಸಿ ಬಟ್ಟಿಲೆ ಇಟ್ಟಿದ್ದು. ಮನಿಗೆ ಬಂದವರು "ಇದೇನ್ರಿ, ಎರಡು ಸೂರ್ಯ?" ಅಂತ ಕೇಳತಾರ. ಅದಕ್ಕ ಉತ್ತರ ಹೇಳಾಕ ಹೊಂಟೇನಿ. ಉತ್ತರ ತುಸು ಉದ್ದ ಐತಿ, ಕುಂದರ್ರಿ.

ಮೊದಲ ನನ್ನ ವಿಚಾರ. ನಾನು ಚಿಕ್ಕೋಡ್ಯಾಗ ಡ್ರಿಪ್ ಪೈಪ್ ಮಾರತೇನಿ. ಹೊಲಕ್ಕ ಹನಿ ಹನಿ ನೀರ ಬಿಡೂ ಪೈಪು. ಬ್ಯಾಸಿಗ್ಯಾಗ ಅಂಗಡಿಗೆ ಗಿರಾಕಿ ಬರತಾರ, ಮಳಿಗಾಲದಾಗ ನೊಣ ಬರತಾವು. ಆ ನೊಣದ ದಿನದಾಗ ಕುಂತು ಕುಂತು ನಾನು ವಿಜ್ಞಾನದ ಕತಿ ಬರಿಯಾಕ ಶುರು ಮಾಡಿದೆ. ವಿಜ್ಞಾನದಾಗ ನನಗ ಗೊತ್ತಿರೂದು ಬರೇ ಪೈಪಿನ ವಿಜ್ಞಾನ. ಹಿಂಗಾಗಿ ನನ್ನ ಅಂತರಿಕ್ಷದ ಹಡಗಿನ್ಯಾಗ ಪೈಪು ಭಾಳ. ಗಾಳಿ ಪೈಪಿನ್ಯಾಗ ಬರತೈತಿ, ನೀರು ಪೈಪಿನ್ಯಾಗ ಬರತೈತಿ, ಒಂದು ಕತಿಯಾಗ ಪ್ರೇಮಾನೂ ಪೈಪಿನ್ಯಾಗ ಪಿಸುಮಾತಾಗಿ ಬಂದೈತಿ. ವೈರಿಗಳು ಮ್ಯಾಲೆ ಬಿದ್ರಂದ್ರ ಮೊದಲ ಫಿಲ್ಟರ್ ಕಟಗೋತೈತಿ. ಅಥಣಿ ಕಡೆಯ ಓದುಗರೊಬ್ಬರು ಫೋನ್ ಮಾಡಿ, "ನಿಮ್ಮ ಕತಿ ಓದಿ ಕಣ್ಣ ತುಂಬಿ ಬಂತ್ರಿ, ದ್ರಾಕ್ಷಿ ತ್ವಾಟಕ್ಕ ಯಾವ ಪೈಪ್ ಚಲೋ?" ಅಂತ ಕೇಳಿದ್ರು. ಸಾಹಿತ್ಯದಿಂದ ನನಗ ಇಲ್ಲೀತನಕ ಸಿಕ್ಕ ದೊಡ್ಡ ಮನ್ನಣಿ ಅಂದ್ರ ಅದ.

ಹೋದ ದೀಪಾವಳಿ ವಿಶೇಷಾಂಕಕ್ಕ ಒಂದು ಕತಿ ಬರದೆ. ಭೂಮಿ ಸುಟ್ಟು ಹೋಗೈತಿ. ಯಾಕ ಸುಡ್ತು ಅಂತ ಕೇಳಬ್ಯಾಡ್ರಿ. ಸಂಪಾದಕರು ಕತಿ ಸಣ್ಣದಿರಲಿ ಅಂದಿದ್ರು, ಭೂಮಿ ಸುಡಾಕ ಜಾಗಾ ಸಾಲಲಿಲ್ಲ. ಉಳದ ಮಂದಿ ‘ದೂಧಗಂಗಾ’ ಅನ್ನೂ ಹಡಗ ಹತ್ತಿ ಮುನ್ನೂರು ವರ್ಷದಿಂದ ಕತ್ತಲದಾಗ ಹೊಂಟಾರ. ಹೊರಗ ಸೂರ್ಯ ಇಲ್ಲ, ಹಗಲಿಲ್ಲ, ರಾತ್ರಿ ಇಲ್ಲ. ಭೂಮಿ ಬಿಡೂ ಗಡಿಬಿಡ್ಯಾಗ ದೊಡ್ಡ ದೊಡ್ಡ ಕಲಾಕಾರರ ಚಿತ್ರ ಎಲ್ಲಾ ಗೋದಾಮಿನ್ಯಾಗ ಉಳಕೊಂಡು ಬೂದಿ ಆದವು. ಹಡಗಿಗೆ ಬಂದದ್ದು ಒಂದ ಒಂದು ಚಿತ್ರ, ಅದೂ ಯಾರೋ ಹಾದಿ ಬುತ್ತಿಗೆ ಭಾಕ್ರಿ ಸುತ್ತಿಕೊಂಡು ಬಂದಿದ್ದ ಹಾಳಿ. ನಿಮಗ ಗೊತ್ತಾಗಿರಬೇಕು ಅದ್ಯಾವ ಚಿತ್ರ ಅಂತ.

ಹೌದು, ಸೀನರಿ. ಮುಂದಿನ ಮುನ್ನೂರು ವರ್ಷ ಮನುಷ್ಯ ಕುಲಕ್ಕೆಲ್ಲಾ ಅದ ಮಹಾಚಿತ್ರ. ಹಡಗಿನ ಊಟದ ಮನ್ಯಾಗ ಅದಕ್ಕ ಗಾಜು ಹಾಕಿ ತೂಗು ಬಿಟ್ಟಾರ. ಪಂಡಿತರು ತಲಿಮಾರುಗಟ್ಟಲೆ ಅದರ ಮ್ಯಾಲೆ ಭಾಷಣ ಮಾಡ್ಯಾರ. ಮ್ಯಾಲಿರೂವು ಹಕ್ಕಿ ಅಂತ ಒಂದು ಪಂಥ, ಹುಬ್ಬು ಅಂತ ಇನ್ನೊಂದು ಪಂಥ, ಎರಡೂ ಪಂಥದವರು ಒಬ್ಬರ ಮನಿಗೆ ಒಬ್ಬರು ಹೆಣ್ಣು ಕೊಡಂಗಿಲ್ಲ. ಮೂಲ್ಯಾಗ ‘ಐದನೇತ್ತೆ, ಬ’ ಅಂತ ಬರದದ್ದು ಯಾವುದೋ ಅರಸು ಮನೆತನದ ಬಿರುದು ಅಂತ ತೀರ್ಮಾನ ಆಗೈತಿ. ಹಡಗಿನ ಕ್ಯಾಪ್ಟನ್‌ಗೆ ಹೆಸರು ಹುಡಕಾಕ ಬ್ಯಾಸರಾಗಿ ನಮ್ಮ ಕಾಕಾಂದ ಹೆಸರಿಟ್ಟೆ, ಅಪ್ಪಾಸಾಹೇಬ. ಅದ ನನ್ನ ಕುತ್ತಿಗಿಗೆ ಬಂತು.

ಅಪ್ಪಾಸಾಹೇಬ ಕಾಕಾ ನಮ್ಮಪ್ಪನ ತಮ್ಮ, ಚಂಪಾ ಕಾಕು ಅವನ ಹೆಂಡ್ತಿ. ಕೂಡಿದ ಮನ್ಯಾಗ ನಾನು ಆಕೀ ಕೈಯೂಟ ಉಂಡು ಬೆಳದಾಂವ. ನಮ್ಮದು ಜೈನರ ಮನಿ. ಹೊತ್ತು ಮುಳುಗೂದ್ರೊಳಗ ಊಟ ಮುಗಿಬೇಕು. ನಿಮ್ಮ ಮನ್ಯಾಗ ದೀಪ ಹಚ್ಚಿ ಒಲಿ ಹಚ್ಚೂ ಹೊತ್ತಿಗೆ ನಮ್ಮ ಮನ್ಯಾಗ ತಾಟು ತೊಳದು ಡಬ್ಬ ಹಾಕಿರತಿದ್ರು. ಬಯಲಾಗ ಕಬಡ್ಡಿ ರಂಗಿಗೇರಿದಾಗ ಕಾಕು ಮಾಳಗಿ ಮ್ಯಾಲೆ ನಿಂತು, "ಹೊತ್ತು ಜಾರಾಕತ್ತೈತಿ, ಬರ್ರಿಲೇ!" ಅಂತ ಕೂಗಿದ್ಲಂದ್ರ ನಮ್ಮ ತಂಡದಾಗ ಅರ್ಧ ಮಂದಿ ಮಾಯ. ಬ್ಯಾಸಿಗ್ಯಾಗ ಸೂರ್ಯ ನಮ್ಮ ಕಡೆ ಇರತಿದ್ದ. ಚಳಿಗಾಲದಾಗ ಮಾತ್ರ ಆಂವ ನಂಬಿಕಿಗೆ ಯೋಗ್ಯ ಅಲ್ಲ. ಊಟ ಮುಗಿಸಿ ಹಾಸಿಗ್ಯಾಗ ಬಿದ್ದ ಮ್ಯಾಲೆ ಬಾಜೂಮನಿ ಭಜಿ ವಾಸನಿ ಕಿಟಕ್ಯಾಗ ಬರತಿತ್ತು. ಧರ್ಮ ಅಂದ್ರ ಭಜಿ ವಾಸನಿ ತಡಕೊಳ್ಳೂದು ಅಂತ ನಾನು ಭಾಳ ವರ್ಷ ತಿಳಕೊಂಡಿದ್ದೆ.

ಕಾಕಾಂದು ಇದರಾಗ ಒಂದು ಯುಕ್ತಿ ಇತ್ತು. ಕಬ್ಬು ತುಂಬಿದ ಟ್ರ್ಯಾಕ್ಟರ್ ತಗೊಂಡು ಫ್ಯಾಕ್ಟರಿ ಮುಂದ ಪಾಳಿಗೆ ನಿಂತಾಗ ಸಂಜಿ ಆದ್ರ, ಆಂವ ಬುತ್ತಿ ಹಿಡಕೊಂಡು ಹೇರಿನ ತುದಿಗೆ ಏರತಿದ್ದ. ತೆಳಗ ನಿಂತವರಿಗೆ ಹೊತ್ತು ಮುಳುಗಿದ್ರೂ ಮ್ಯಾಲೆ ಕುಂತವಗ ಸೂರ್ಯನ ಅಂಚು ಇನ್ನೂ ಕಾಣತೈತಂತ. ಭಾಕ್ರಿ ಮುರಕೋತ, ಪಡುವಣಕ್ಕ ದಿಟ್ಟಿಸಿ, "ಇನ್ನೂ ಐತಿ... ಇನ್ನೂ ಐತಿ..." ಅಂತ ನುಂಗತಿದ್ದ. ಕಾಕು ಇದನ್ನ ಒಪ್ಪತಿರಲಿಲ್ಲ. "ಸೂರ್ಯನ ಜೋಡಿ ಕಣ್ಣಮುಚ್ಚಾಲಿ ಆಡೂದು ನೇಮ ಅಲ್ಲ" ಅಂತಿದ್ಲು. ಆಕೀದು ಕಟ್ಟುನಿಟ್ಟು. ಹೊಸದಾಗಿ ಲಗ್ನ ಆದಾಗ ಮುನಿ ಮಹಾರಾಜರ ಮುಂದ ಕೈ ಮುಗದು ತಗೊಂಡ ನೇಮ, ಅಂದಿನಿಂದ ಇಂದಿನ ತನಕ ಹೊತ್ತು ಮುಳುಗಿದ ಮ್ಯಾಲೆ ಬಾಯಾಗ ಹನಿ ನೀರು ಸೈತ ಹಾಕಿದಾಕಿ ಅಲ್ಲ.

ಇಂಥಾ ಕಾಕೂಗೆ ಸಕ್ಕರಿ ಬ್ಯಾನಿ ಬಂತು. ಸಕ್ಕರಿ ಫ್ಯಾಕ್ಟರಿ ನಾಡಿನ್ಯಾಗ ಹುಟ್ಟಿ ಬೆಳದು ಸಕ್ಕರಿ ಬ್ಯಾನಿ ಬರೂದ್ರಾಗ ಏನು ವಿಶೇಷ ಇಲ್ಲ ಬಿಡ್ರಿ. ಆದ್ರ ಆಕೀದು ಉಲ್ಟಾ ತ್ರಾಸು. ಸಂಜಿ ಮುಂದ ಉಂಡು ಮಲಗಿದ್ರ ಬೆಳಗಾಗೂದ್ರಾಗ ಸಕ್ಕರಿ ಪೂರಾ ಇಳದುಬಿಡತಿತ್ತು. ಎರಡು ಸಲ ನಸುಕಿನ್ಯಾಗ ಸೊಸಿ ಸ್ನೇಹಲ್ ಹೋಗಿ ನೋಡಿದಾಗ ಕಾಕು ಬೆವತು, ನಡುಗಿ, ಮಾತು ತೊದಲಾಕತ್ತಿದ್ಲು. ಡಾಕ್ಟರು ಗುಳಿಗಿ ಬದಲ ಮಾಡಿದ್ರು, ಕಮ್ಮಿ ಮಾಡಿದ್ರು, ಕಡೀಕ ಕೈ ಮುಗದು ಹೇಳಿದ್ರು: "ಮಲಗೂಕಿಂತ ಮೊದಲ ಒಂದು ಲೋಟ ಹಾಲರ ಹೊಟ್ಟಿಗೆ ಹೋಗಬೇಕವ್ವಾ. ಇಲ್ಲಂದ್ರ ಒಂದಿನ ಮುಂಜಾನಿ ಎಬ್ಬಿಸಿದ್ರ ನೀವು ಏಳೂದಿಲ್ಲ." ಕಾಕು ಅವರಿಗೂ ತಿರುಗಿ ಕೈ ಮುಗದು ಮನಿಗೆ ಬಂದ್ಲು. ಹಾಲು ಮುಟ್ಟಲಿಲ್ಲ. ಕಾಕಾ ಬೈದ, ಸ್ನೇಹಲ್ ಅತ್ಲು, ನಾನು ನನ್ನ ಅಂಗಡಿ ಬುದ್ಧಿ ಖರ್ಚು ಮಾಡಿ, "ಗುಳಿಗಿ ಜೋಡಿ ಹಾಲು ಕುಡದ್ರ ಅದು ಊಟ ಹ್ಯಾಂಗ ಆಗತೈತಿ ಕಾಕು?" ಅಂದೆ. "ಪೈಪ್ ಮಾರು ಹೋಗು" ಅಂದ್ಲು.

ಹಿಂಗಿದ್ದಾಗ ದೀಪಾವಳಿ ಅಂಕ ಬಂತು. ಕಾಕು ಏನ ಸಿಕ್ರೂ ಓದಾಕಿ, ಕನ್ನಡಾನೂ ಸೈ, ಮರಾಠೀನೂ ಸೈ. ನನ್ನ ಕತಿ ಸಾಲಿನ ತೆಳಗ ಬಟ್ಟಿಟ್ಟು ಪೂರಾ ಓದಿ, ನನಗ ಫೋನ್ ಹಚ್ಚಿದ್ಲು. "ಬಾ. ಮಾತಾಡೂದೈತಿ." ಹೊಗಳತಾಳ ಅಂತ ನಾನು ಚಲೋ ಅಂಗಿ ಹಾಕೊಂಡು ಹೋದೆ.

ಪಡಸಾಲ್ಯಾಗ ಕಾಕು ಅಂಕ ತೊಡಿ ಮ್ಯಾಲೆ ಇಟಗೊಂಡು ಕುಂತಿದ್ಲು. ಬಾಜೂಕ ಕಾಕಾ ಪೇಪರ್ ಹಿಡಕೊಂಡು, ಓದೂವಂಗ ನಟನಾ ಮಾಡಾಕತ್ತಿದ್ದ.

"ಇಲ್ಲಿ ಏನ ಬರದಿ? ಓದು" ಅಂದ್ಲು.

ಓದಿದೆ. "‘ರಾತ್ರಿ ಊಟದ ಹೊತ್ತಿಗೆ ಕ್ಯಾಪ್ಟನ್ ಅಪ್ಪಾಸಾಹೇಬ ಮಹಾಚಿತ್ರದ ಮುಂದ ಬಂದು ಕುಂತ.’"

"ನಿಮ್ಮ ಕಾಕಾನ ಹೆಸರಿಟ್ಟು ರಾತ್ರಿ ಉಣಿಸೀಯಲ್ಲೋ! ನಾಚಿಗಿ ಬರಲಿಲ್ಲೇನು? ಇಡೀ ಸೀಮಿ ಮಂದಿ ಓದತಾರ!"

"ಕಾಕು, ಇಡೀ ಸೀಮಿ ಮಂದಿ ಓದಂಗಿಲ್ಲ. ನೀನು, ಅಥಣಿ ಅವರೊಬ್ಬರು, ಅಷ್ಟ. ಮತ್ತ ಅಂತರಿಕ್ಷದಾಗ ರಾತ್ರಿ ಅನ್ನೂದ ಇರೂದಿಲ್ಲ."

"ಇಲ್ಲಂದ್ರ ರಾತ್ರಿ ಅಂತ ಯಾಕ ಬರದಿ?"

ವಿಮರ್ಶಕರು ಅಂದ್ರ ಹಿಂಗಿರಬೇಕು ನೋಡ್ರಿ.

ಕಾಕು ಮುಂದಿನ ಹಾಳಿ ತಿರುವಿದ್ಲು. ಅಲ್ಲಿ ಮಹಾಚಿತ್ರದ ಚಿತ್ರ ಛಾಪಿಸಿದ್ರು. ಅಂಕಕ್ಕ ಚಿತ್ರ ತಗಿಯೂ ಪುಣ್ಯಾತ್ಮ ಅಗದಿ ಮನಸಿಟ್ಟು ತಗದಿದ್ದ, ಎರಡು ಗುಡ್ಡ, ಅರ್ಧ ಸೂರ್ಯ, ಹುಬ್ಬು ಎಲ್ಲಾ. ಆಕಿ ಸೂರ್ಯನ ಮ್ಯಾಲೆ ಬಟ್ಟು ಇಟ್ಟು ಕೇಳಿದ್ಲು: "ಇದು ಹುಟ್ಟೂ ಸೂರ್ಯನೋ, ಮುಳುಗೂ ಸೂರ್ಯನೋ?"

ಏಳು ವರ್ಷ ಸಾಲ್ಯಾಗ ತಗದೆ. ಲಕ್ಷಗಟ್ಟಲೆ ಹುಡುಗೂರು ತಗದಾರ. ಕಣ್ಣು ಮುಚ್ಚಿಕೊಂಡ ಮಾಸ್ತರು ಕೇಳಲಿಲ್ಲ, ಕತಿ ಒಪ್ಪಿದ ಸಂಪಾದಕರು ಕೇಳಲಿಲ್ಲ. ಈ ಪ್ರಶ್ನಿ ಜೈನರ ಮನಿ ಹೆಣ್ಣಮಗಳ ಕೇಳಬೇಕಾತು, ಯಾಕಂದ್ರ ಆಕೀಗೆ ಅದು ಚಿತ್ರ ಅಲ್ಲ, ಗಡಿಯಾರ.

ಸ್ನೇಹಲ್ ಅಡಗೀಮನಿಯಿಂದ ಬಗ್ಗಿ ನೋಡಿದ್ಲು. ಆಕಿ ಕೊಲ್ಹಾಪುರ ಕಡೆಯಾಕಿ, ಮಾತಿನ್ಯಾಗ ಮರಾಠಿ ಬೆರೀತೈತಿ. "ಅಗ್ ಬಾಯಿ, ಪಕ್ಷಿ ಮನಿಗೆ ಹೊಂಟಾವಲ್ರಿ ಅತ್ಯಾರ, ಸಂಜೀನ ಇದು" ಅಂದ್ಲು. ಕಾಕಾ ಪೇಪರ್ ಮಡಚಿಟ್ಟ. "ಅವು ಮನಿಗೆ ಹೊಂಟಾವೋ ಹೊರಗ ಹೊಂಟಾವೋ ನಿನಗೇನ ಗೊತ್ತು? ಮನಿ ಬಾಗಲಾ ಮುಚ್ಚೈತಿ. ಮಂದಿ ಇನ್ನೂ ಎದ್ದಿಲ್ಲ. ಮುಂಜಾನಿ." "ಬಾಗಲಾ ಮುಚ್ಚಿದ್ರ ಮಂದಿ ಹೊಲದಾಗ ಇರಬೇಕ್ರಿ" ಅಂತ ಸ್ನೇಹಲ್ ಬಿಡಲಿಲ್ಲ. ನಾನು ಬರದ ಕತಿಯೊಳಗಿನ ಪಂಡಿತರೂ ಇಷ್ಟು ಜಗಳ ಆಡಿದ್ದಿಲ್ಲ.

"ಯಾವುದಾದ್ರೂ ಅಷ್ಟ" ಅಂತ ಕಾಕು ತೀರ್ಪು ಕೊಟ್ಲು. "ಹುಟ್ಟಿ ಎರಡು ಗಳಿಗಿ ಆಗೂತನ ತಿನ್ನಂಗಿಲ್ಲ. ಮುಳುಗೂ ಎರಡು ಗಳಿಗಿ ಮೊದಲ ಬಾಯಿ ತೊಳೀಬೇಕು. ಈ ಅರ್ಧ ಸೂರ್ಯನ್ನ ನೋಡಕೋತ ಕುಂತ ಮಂದಿ ಯಾವಾಗ ಉಣ್ಣಬೇಕು? ಮುನ್ನೂರು ವರ್ಷದಿಂದ ಉಪಾಸ ಕುಂದರಿಸೀಯಲ್ಲೋ ಅವರನ್ನ. ಪಾಪ."

ಕಾಕಾ ಹೊಟ್ಟಿ ಹಿಡಕೊಂಡು ನಕ್ಕ. ನಾನೂ ನಕ್ಕೆ. ಕಾಕು ನಗಲಿಲ್ಲ. ಹಾಳಿ ತಿರುವಿ ಮುರುವಿ ನೋಡಿ, "ನಿನ್ನ ಹಡಗಿನ್ಯಾಗ ಮುದುಕ್ಯಾರು ಇಲ್ಲೇನು?" ಅಂದ್ಲು.

"ಇಲ್ಲ ಕಾಕು."

"ಮುದುಕಿ ಇಲ್ಲದ ಹಡಗು ಮುನ್ನೂರು ವರ್ಷ ನಡೀತು ಅಂದ್ರ ಯಾರು ನಂಬತಾರ? ಒಬ್ಬಾಕೀನ್ನ ಹಾಕು. ನೇಮದಾಕಿ ಇರಲಿ." ಆಮ್ಯಾಲೆ ಸೆರಗು ಸರಿ ಮಾಡಕೋತ, ಏನೂ ಅಲ್ಲದ ಮಾತು ಅನ್ನೂವಂಗ, "ಆಕೀಗೆ ಸಕ್ಕರಿ ಬ್ಯಾನಿ ಇರಲಿ" ಅಂದ್ಲು.

ನಾನು ದಡ್ಡ. ಕಾಕೂಗೆ ಸಾಹಿತ್ಯದ ಹುಚ್ಚು ಹತ್ತೇತಿ ಅಂತ ತಿಳಕೊಂಡೆ.

ಕೆಲವು ದಿನ ಬಿಟ್ಟು ಮತ್ತ ಫೋನ್. ಬಾಜೂ ಊರು ಭೋಜಕ್ಕ ಒಬ್ಬರು ಮಾತಾಜಿ, ಜೈನ ಸನ್ಯಾಸಿನಿ, ಬಂದಾರ, ದರ್ಶನಕ್ಕ ಕರಕೊಂಡು ಹೋಗು ಅಂತ. ನನ್ನ ಪಿಕಪ್ ಗಾಡ್ಯಾಗ ಪೈಪಿನ ಸುರುಳಿ ಹಿಂದ, ಕಾಕು ಮುಂದ, ಹೊಂಟ್ವಿ. ಬಿಳಿ ಸೀರಿ ಉಟ್ಟು, ನವಿಲಗರಿ ಪಿಂಛಿ ಬಾಜೂಕ ಇಟಗೊಂಡು ಮಾತಾಜಿ ಕಟ್ಟಿಗಿ ಮಣಿ ಮ್ಯಾಲೆ ಕುಂತಿದ್ರು. ವಯಸ್ಸು ಕಾಕೂಗಿಂತ ಭಾಳ ಕಮ್ಮಿ. ಸಂಸಾರ ಬಿಡೂಕಿಂತ ಮೊದಲ ಕಾಲೇಜಿನ್ಯಾಗ ಫಿಜಿಕ್ಸ್ ಓದಿದವರಂತ. ಇದು ನನಗ ಮೊದಲ ಗೊತ್ತಿದ್ರ ನಾನು ಗಾಡ್ಯಾಗ ಕುಂದರತಿದ್ದೆ.

"ವಂದಾಮಿ ಮಾತಾಜಿ" ಅಂದ್ಲು ಕಾಕು. "ಒಂದು ಪ್ರಶ್ನಿ ಐತ್ರಿ. ನಂದಲ್ರಿ. ಹಡಗಿನ್ಯಾಗ ಒಬ್ಬಾಕಿ ಮುದುಕಿ ಅದಾಳ್ರಿ, ಆಕೀದು."

"ಯಾವ ಹಡಗು?"

ಕಾಕು ನನ್ನ ಕಡೆ ಕೈ ಮಾಡಿದ್ಲು. ನಾನು ತೊದಲಕೋತ ಇಡೀ ಕತಿ ಹೇಳಿದೆ. ಮಾತಾಜಿ ಲಕ್ಷ್ಯ ಕೊಟ್ಟು ಕೇಳಿ, "ಹಡಗು ತನ್ನ ಸುತ್ತ ತಾನು ತಿರಗತೈತೋ, ನೆಟ್ಟಗ ಹೋಗತೈತೋ? ತಿರಗದಿದ್ರ ಮಂದಿ ನೆಲದ ಮ್ಯಾಲೆ ಹ್ಯಾಂಗ ನಿಂತಾರ?" ಅಂದ್ರು. ನನ್ನ ಹಡಗು ಹೋಗತೈತಿ, ಅಷ್ಟ ನನಗ ಗೊತ್ತಿದ್ದದ್ದು. "ಪೈಪ್ ಭಾಳ ಅದಾವ್ರಿ" ಅಂದೆ.

ಮಾತಾಜಿ ನನ್ನ ಬಿಟ್ಟು ಕಾಕೂನ ಕಡೆ ತಿರುಗಿದ್ರು. "ಹೇಳವ್ವಾ."

"ಅಲ್ಲಿ ಸೂರ್ಯಾನ ಇಲ್ರಿ, ಚಿತ್ರದಾಗ ಅಷ್ಟ. ಆ ಮುದುಕಿ ನೇಮ ತಗೊಂಡಾಳ್ರಿ, ಹೊತ್ತು ಮುಳುಗಿದ ಮ್ಯಾಲೆ ಹನಿ ನೀರು ಇಲ್ಲ ಅಂತ. ಡಾಕ್ಟರು ನೋಡಿದ್ರ ರಾತ್ರಿ ಹಾಲು ಕುಡಿ ಅಂತಾರ. ಕುಡದ್ರ ನೇಮ ಮುರೀತೈತಿ. ಕುಡೀದಿದ್ರ..." ಕಾಕು ಅಲ್ಲಿಗೆ ನಿಂತ್ಲು. ಪಿಂಛಿಯ ಗರಿ ನೋಡಕೋತ, ಸಣ್ಣ ದನಿಲೆ, "ಕುಡೀದಿದ್ರ ಆಕೀಗೆ ಅಂಜಿಕಿ ಬರತೈತ್ರಿ. ಮಲಗಾಕ ಅಂಜತಾಳ. ಮುಂಜಾನಿ ಕಣ್ಣು ತಗೀತೇನೋ ಇಲ್ಲೋ ಅಂತ" ಅಂದ್ಲು.

ಆಗ ನನ್ನ ದಪ್ಪ ತಲ್ಯಾಗ ಬೆಳಕ ಬಿತ್ತು. ಕಾಕಾನ ಮುಂದ ಆಡದ ಮಾತು, ಸೊಸಿ ಮುಂದ ಆಡದ ಮಾತು, ಡಾಕ್ಟರ ಮುಂದ ಆಡದ ಮಾತು, ಅದನ್ನ ಆಡಾಕ ಕಾಕೂಗೆ ನನ್ನ ಮುರಕಾ ಹಡಗು ಬೇಕಾಗಿತ್ತು. ತನಗ ಅಂತ ಕೇಳಿದ್ರ ನೇಮ ಸಡಲ ಮಾಡ್ರಿ ಅಂತ ಬೇಡಿದಂಗಾಗತೈತಿ ಅಂತ ಆಕೀಗೆ ಮಾನ. ಹಡಗಿನ ಮುದುಕೀ ಸಲುವಾಗಿ ಕೇಳಾಕ ಮಾನ ಅಡ್ಡ ಬರಲಿಲ್ಲ.

ಮಾತಾಜಿ ಪಿಂಛಿ ಎತ್ತಿ ತೊಡಿ ಮ್ಯಾಲೆ ಇಟಗೊಂಡ್ರು. ಆಮ್ಯಾಲೆ ಕೇಳಿದ್ರು: "ಆ ಮುದುಕಿ ಯಾವೂರಾಕಿ?"

ಕಾಕು ತಲಿ ಎತ್ತಲಿಲ್ಲ. "ಸದಲಗಾದಾಕೀರಿ."

ಮಾತಾಜಿಯ ಕಣ್ಣಾಗ ನಗಿ ಬಂತು, ತುಟಿಗೆ ಬರಗೊಡಲಿಲ್ಲ. "ಸದಲಗಾದ ಆ ಮುದುಕೀಗೆ ನಾ ಹೇಳೇನಿ ಅಂತ ಹೇಳವ್ವಾ. ರಾತ್ರಿ ಹಾಲನ್ನ ಔಷಧ ಅಂತ ತಿಳದು ತಗೋಬೇಕು. ರುಚಿಗೆ ಅಂತ ಇನ್ನೊಂದು ಲೋಟ ಬೇಡಬಾರದು. ನೇಮ ತಗೊಂಡದ್ದು ಜೀವದ ಮ್ಯಾಲೆ ದಯಾ ಇರಲಿ ಅಂತ. ಆಕೀದೂ ಒಂದು ಜೀವ ಅಲ್ಲೇನು."

ವಾಪಸ್ ಬರೂವಾಗ ನನಗ ಹಾಡು ಹೇಳೂವಷ್ಟು ಖುಷಿ. "ಆತಲ್ಲ ಕಾಕು, ಇವತ್ತಿನಿಂದ ಹಾಲು!"

"ಮಾತಾಜಿ ಹೇಳಿದ್ದು ಹಡಗಿನಾಕೀಗೆ" ಅಂದ್ಲು ಕಾಕು.

"ನೀನ ಅಲ್ಲೇನು ಆಕಿ?"

"ನಾ ಹಡಗಿನ್ಯಾಗ ಎಲ್ಲದೇನಿ? ನಿನ್ನ ಪಿಕಪ್ಪಿನ್ಯಾಗ ಅದೇನಿ. ರಸ್ತೆ ನೋಡಿ ಹೊಡಿ."

ಗಾಡಿ ಬಾಜೂಕ ನಿಂದರಿಸಿ ಅಲ್ಲೇ ಕಬ್ಬಿನ ಹೊಲದಾಗ ಹೋಗಿ ಚೀರಬೇಕನಸ್ತು. ಚೀರಲಿಲ್ಲ. ಆದ್ರ ಸದಲಗಾ ಬರೂತನ ಎಲ್ಲಾ ಗುಂಡ್ಯಾಗೂ ಗಾಡಿ ಇಳಿಸಿದೆ.

ಅದರ ಮರುದಿನ ನಸುಕಿಗೆ ಕಾಕೂಗೆ ಮತ್ತ ಸಕ್ಕರಿ ಇಳೀತು. ಈ ಸಲ ಮೊದಲ ನೋಡಿದಾಂವ ಕಾಕಾ. ಆಂವ ಹುಟ್ಟಿದಾಗಿಂದ ಅಡಗೀಮನ್ಯಾಗ ಸಕ್ಕರಿ ಡಬ್ಬಿ ಎಲ್ಲಿರತೈತಿ ಅಂತ ನೋಡಿದಾಂವ ಅಲ್ಲ. ಡಬ್ಬಿ ಡಬ್ಬಿ ತಗದು, ರವಾ ಚೆಲ್ಲಿ, ಉಪ್ಪು ಚೆಲ್ಲಿ, ಕಡೀಕ ಬೆಲ್ಲದ ಹೆಂಟಿ ಹಿಡಕೊಂಡು ಓಡ್ಯಾನ. ಹೊತ್ತು ಹುಟ್ಟಿತ್ತೋ ಇಲ್ಲೋ ಯಾರೂ ನೋಡಲಿಲ್ಲ, ಕಾಕೂಗೆ ಖಬರ್ ಇದ್ರಷ್ಟ ಬ್ಯಾಡ ಅನ್ನಾಕ. ನಾನು ಚಿಕ್ಕೋಡಿಯಿಂದ ಹೋಗೂದ್ರಾಗ ಆಕಿ ಎದ್ದು ಕುಂತಿದ್ಲು. ಕಾಕಾ ಮಾತ್ರ ಹೊರಗ ಟ್ರ್ಯಾಕ್ಟರ್‌ಗೆ ಆನಿಸಿ ನಿಂತು ಅಳಾಕತ್ತಿದ್ದ. ಅವನ್ನ ಹಂಗ ನಾನು ಎಂದೂ ನೋಡಿರಲಿಲ್ಲ.

ಸ್ನೇಹಲ್ ಅಳಲಿಲ್ಲ. ಆಕೀಗೆ ಸಿಟ್ಟು ಬಂದಿತ್ತು. ಅಂಕದಾಗಿನ ಮಹಾಚಿತ್ರದ ಹಾಳಿ ಪರ್ ಅಂತ ಹರದ್ಲು. ಕತಿಗಾರ ಎದುರಿಗೆ ನಿಂತಾನ ಅನ್ನೂ ಭಿಡೆ ಸೈತ ಇಲ್ಲ. ಹಿಟ್ಟಿನ ಡಬ್ಬಿ ಮ್ಯಾಲೆ ಮೊಳಿ ಇಟ್ಟು ಲಟ್ಟಣಿಗಿಲೇ ಬಡದು, ಕಾಕೂನ ಮುಂದ ಬಂದು ನಿಂತ್ಲು. "ಅತ್ಯಾರ, ಇನ್ನ ಮ್ಯಾಲೆ ಈ ಅಡಗೀಮನೀನ ಹಡಗು. ಈ ಹೊಸ್ತಲಾ ದಾಟಿ ಒಳಗ ಬಂದಾಕಿ ಹಡಗಿನ ಮುದುಕಿ. ಹೊರಗ ಹೋದ್ರ ಮತ್ತ ನಮ್ಮ ಅತ್ಯಾರು. ಮಾತಾಜಿ ಯಾರಿಗೆ ಹೇಳ್ಯಾರೋ ಆಕಿ ಕುಡೀಲಿ. ನೀವು ನಡುವ ಬಾಯಿ ಹಾಕಬ್ಯಾಡ್ರಿ!"

ಕಾಕು ಸೊಸೀನ್ನ ನೋಡಿದ್ಲು, ಬಾಗಲದಾಗ ಬೆಲ್ಲದ ಕೈ ಹಂಗ ಇಟಗೊಂಡು ನಿಂತ ಗಂಡನ್ನ ನೋಡಿದ್ಲು. ಅವತ್ತ ರಾತ್ರಿ, ಹೊತ್ತು ಮುಳುಗಿದ ಮ್ಯಾಲೆ, ಲೈಟ್ ಹಚ್ಚಿದ ಅಡಗೀಮನಿ ಹೊಸ್ತಲಾ ದಾಟಿ ಒಳಗ ಬಂದ್ಲು. ಸ್ನೇಹಲ್ ಹಾಲಿನ ಲೋಟ ಮುಂದ ಹಿಡದ್ಲು.

ಕಾಕು ಗ್ವಾಡಿ ನೋಡಿದ್ಲು. "ಈ ಸೂರ್ಯ ನಡಿಯಂಗಿಲ್ಲ" ಅಂದ್ಲು.

"ಏ ದೇವರ!" ಅಂತ ಕಾಕಾ ತಲಿ ಮ್ಯಾಲೆ ಕೈ ಹೊತ್ತ.

ಕಾಕು ಯಾರ ಕಡೆಯೂ ನೋಡದೇ ದೇವರ ಜಗುಲಿಗೆ ಹೋಗಿ, ಅರಿಷಿಣ ಕುಂಕುಮ ಅಂಗೈಯಾಗ ಕಲಿಸಿಕೊಂಡು ಬಂದ್ಲು. ಹಿಮ್ಮಡ ಎತ್ತಿ, ಬಟ್ಟಿಲೆ, ಗುಡ್ಡದ ಮ್ಯಾಲೆ, ಹುಬ್ಬಿನ ಮ್ಯಾಲೆ, ಹಾಳಿಯ ತುದೀಗೆ ಒಂದು ಸೂರ್ಯ ಇಟ್ಲು. ಇಷ್ಟು ವರ್ಷ ಯಾವ ಹುಡುಗನೂ, ಯಾವ ಮಾಸ್ತರನೂ, ಯಾವ ಕಲಾಕಾರನೂ ಆ ಸೂರ್ಯನ್ನ ಗುಡ್ಡದ ಸಂದಿಯಿಂದ ಹೊರಗ ತಗದಿರಲಿಲ್ಲ. ಎರಡು ಹೆಜ್ಜಿ ಹಿಂದ ಸರದು ನೋಡಿ, "ಈಗ ಆತು. ಹಡಗಿನ್ಯಾಗ ಈಗ ನಡು ಮಧ್ಯಾಹ್ನ" ಅಂದ್ಲು.

ಔಷಧ ತಗೊಳ್ಳೂವಂಗ ಮುಖ ಕಿವಿಚಿ ಹಾಲು ಕುಡದ್ಲು. ನನಗ ಗೊತ್ತೈತಿ, ಕಾಕೂಗೆ ಹಾಲಂದ್ರ ಪ್ರಾಣ. ಮುಖ ಕಿವಿಚಿದ್ದು ಮಾತಾಜಿ ಮಾತಿಗೆ ಮರ್ಯಾದಿ.

"ಝಾಲಂ! ಆತು!" ಅಂದ್ಲು ಸ್ನೇಹಲ್. ಆಮ್ಯಾಲೆ ಆಕೀಗೆ ಅಳು ಬಂತು.

ಅವತ್ತಿನಿಂದ ಆ ಮನ್ಯಾಗ ಅದೊಂದು ರೂಢಿ ಆಗೈತಿ. ಮಲಗೂ ಹೊತ್ತಿಗೆ ಸ್ನೇಹಲ್ "ಅತ್ಯಾರ, ಹಡಗು ಹೊಂಟ್ತು!" ಅಂತ ಕೂಗತಾಳ. ಕಾಕು "ಬಂದೆ, ತಡಿ" ಅಂತ ಏಳತಾಳ. ಒಮ್ಮೆ ಕಾಕಾನೂ ಹಿಂದ ಹೋಗಿ, "ನಾ ಕ್ಯಾಪ್ಟನ್ ಅಲ್ಲೇನು, ನನಗೂ ಒಂದು ಲೋಟ" ಅಂದನಂತ. "ಕ್ಯಾಪ್ಟನ್‌ಗೆ ಸಕ್ಕರಿ ಬ್ಯಾನಿ ಇಲ್ಲ" ಅಂತ ಕಾಕು ಹೊರಗ ಹಾಕ್ಯಾಳ.

ಮೊನ್ನೆ ಸಂಪಾದಕರು ಯುಗಾದಿ ಅಂಕಕ್ಕ ಹಡಗಿನ ಎರಡನೇ ಭಾಗ ಕೇಳಿದ್ರು. ಕಾಕು ಹೇಳಿದಂಗ ಮುದುಕೀನ್ನ ಹಾಕಿದೆ. ಹಾಕಿದ ಮ್ಯಾಲೆ, ಕತಿ ಕಡೀಕ ಓದುಗರ ಕಣ್ಣಾಗ ನೀರು ಬರಬೇಕಲ್ಲ ಅಂತ, ಮಹಾಚಿತ್ರದ ಮುಂದ ಕುಂತ ಮುದುಕಿ ಹಂಗ ಕಣ್ಣು ಮುಚ್ಚಿದಳು ಅಂತ ಬರದು ಮುಗಿಸಿದೆ. ಭಾಳ ಚಲೋ ಬಂದಿತ್ತು. ನನಗ ಅಳು ಬಂತು ಅಂದ್ರ ನೋಡ್ರಿ. ಆ ಹಾಳಿ ಕಿಸೆದಾಗ ಮಡಚಿ ಇಟಗೊಂಡು ಕಾಕೂಗೆ ಓದಿ ತೋರಸಾಕ ಸದಲಗಾಕ್ಕ ಹೋದೆ.

ನಾ ಹೋಗೂದ್ರಾಗ ಹಡಗು ಹೊಂಟಿತ್ತು. ಕಾಕು ಅಡಗೀಮನ್ಯಾಗ ಎರಡು ಸೂರ್ಯನ ತೆಳಗ ಲೋಟ ಹಿಡಕೊಂಡು ಕುಂತಿದ್ಲು. ಕಾಕಾ ಹೊಸ್ತಲಾ ಆಚೆ ಖುರ್ಚಿ ಹಾಕೊಂಡಿದ್ದ.

"ಬರದಿಯೇನು?" ಅಂದ್ಲು ಕಾಕು.

"ಬರದೇನಿ, ಓದತೇನಿ ಕೇಳು" ಅಂತ ಕಿಸೆಗೆ ಕೈ ಹಾಕಿದೆ.

"ಓದೂಕಿಂತ ಮೊದಲ ಒಂದು ಮಾತು." ಕಾಕು ಲೋಟ ತೆಳಗ ಇಟ್ಲು. ನನ್ನ ಮುಖ ನೋಡಲಿಲ್ಲ, ಚಿತ್ರಾನೂ ನೋಡಲಿಲ್ಲ. "ನೀ ಕತಿಗಾರ, ನಿನ್ನ ಮನಸಿಗೆ ಬಂದಂಗ ಬರಿ. ಭೂಮಿ ಸುಡು. ಹಡಗು ಒಡಿ. ಕ್ಯಾಪ್ಟನ್ನ ಬೇಕಾದ್ರ ಕೊಲ್ಲು."

"ಏ, ನನ್ನ್ಯಾಕ?" ಅಂದ ಕಾಕಾ ಹೊಸ್ತಲಾ ಆಚೆಯಿಂದ.

"ಆ ಮುದುಕೀನ್ನ ಮಾತ್ರ ಸಾಯಿಸಬ್ಯಾಡ" ಅಂದ್ಲು ಕಾಕು. "ಆಕೀಗೆ ಇನ್ನೂ ಇರಬೇಕನಸ್ತೈತಿ."

ಕಿಸೆದಾಗಿನ ಕೈ ಕಿಸೆದಾಗ ಉಳೀತು. "ಅಯ್ಯ, ಹಾಳಿ ಅಂಗಡ್ಯಾಗ ಬಿಟ್ಟು ಬಂದೇನಿ ಕಾಕು" ಅಂದೆ. ಕಾಕು ಹೂಂ ಅಂತ ಉಳದ ಹಾಲು ಕುಡದು, ಲೋಟ ತೊಳದು ಡಬ್ಬ ಹಾಕಿದ್ಲು.

ಚಿಕ್ಕೋಡಿಗೆ ಬಂದಾಂವ ಮನಿಗೆ ಹೋಗಲಿಲ್ಲ. ಅಂಗಡಿ ಬಾಗಲಾ ತಗದು, ಪೈಪಿನ ಸುರುಳಿ ಮ್ಯಾಲೆ ಕುಂತು, ಚಲೋ ಬಂದಿದ್ದ ಆ ಸಾವನ್ನ ಪೂರಾ ಹೊಡದು ಹಾಕಿದೆ. ಮುದುಕೀನ್ನ ಎಬ್ಬಿಸಿ ಕುಂದರಿಸಿದೆ. ಆಕೀ ಕೈಯಾಗ ಒಂದು ಲೋಟ ಹಾಲು ಕೊಟ್ಟೆ.